ಬಡಗಿಯ ಕೈಯ ಕಲೆಯೂ ತಿನ್ನರಿನ ಡಬ್ಬಿಯೂ

ಸಿಕಂದರಾಬಾದಿನ ಭೋಯಿಗುಡಾ ಕಡೆಯ ಮರದ ಡಿಪೋಗಳ ಸುತ್ತ ಸಂಜೆಯ ಹೊತ್ತು ಸುಳಿದಾಡಿದವರಿಗೆ ಈ ದೃಶ್ಯ ಅಪರಿಚಿತವಲ್ಲ. ಕೆಲಸ ಮುಗಿಸಿದ ಬಡಗಿ ಉಳಿ, ಗರಗಸಗಳನ್ನು ಚೀಲಕ್ಕೆ ಸೇರಿಸಿ, ಪಾಲಿಶಿಗೆಂದು ತಂದಿಟ್ಟ ತಿನ್ನರಿನಲ್ಲಿ ಒಂದಿಷ್ಟನ್ನು ಅಂಗೈಗೆ ಸುರಿದುಕೊಂಡು, ಮೊಣಕೈವರೆಗೂ ಉಜ್ಜಿ, ಹಳೆಯ ಬಟ್ಟೆಯಲ್ಲಿ ಒರಸಿಕೊಂಡು ಮನೆಯತ್ತ ಹೊರಡುತ್ತಾನೆ. ನಿವೃತ್ತಿಯ ಬಳಿಕ ಹವ್ಯಾಸಕ್ಕೆಂದು ದೇವರ ಮಂಟಪವನ್ನೋ ಪುಸ್ತಕದ ಕಪಾಟನ್ನೋ ಮಾಡಲು ಕುಳಿತ ನಮ್ಮ ಹಿರಿಯರೂ ಇದನ್ನೇ ಅನುಸರಿಸುತ್ತಾರೆ. ಕೈ ಸ್ವಚ್ಛವಾಯಿತೆಂಬ ಸಮಾಧಾನ ಎಲ್ಲರಿಗೂ ಇರುತ್ತದೆ. ಆದರೆ ಕಲೆಯೊಡನೆ ಚರ್ಮವನ್ನು ಕಾಪಾಡುತ್ತಿದ್ದ ಜಿಡ್ಡಿನ ಅಂಶವೂ ಹೊರಟುಹೋಯಿತೆಂಬುದು, ಕೆಲವು ತಿಂಗಳ ಮೇಲೆ ಬೆರಳುಗಳ ಸಂದಿನಲ್ಲಿ ಬಿರುಕು ಕಾಣಿಸಿಕೊಂಡು ಸಾರಿನ ಖಾರ ತಾಗಿದಾಗಲೇ ತಿಳಿಯುವುದು.

ಕೈಯ ಮೇಲಿನ ಮರದ ಕಲೆ ಸಾಮಾನ್ಯವಾಗಿ ನಿರುಪದ್ರವಿ. ಅದನ್ನು ಆ ಸಂಜೆಯೇ ನಿರ್ಮೂಲ ಮಾಡಬೇಕೆಂಬ ಹಟವೇ ಹೆಚ್ಚು ಹಾನಿಕರ. ತಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟಾಲ್ಯೂಯಿನ್, ಕೆಲವು ಬಗೆಯ ಸ್ಪಿರಿಟ್ಟಿನಲ್ಲಿರುವ ಮೆಥನಾಲ್, ಇವು ಚರ್ಮದ ಮೂಲಕವೂ ದೇಹವನ್ನು ಸೇರಬಲ್ಲವು. ಉಸಿರಿನ ಮೂಲಕವಂತೂ ಸೇರುತ್ತವೆ. ಸೀಮೆಎಣ್ಣೆ, ಪೆಟ್ರೋಲುಗಳಿಂದ ತೊಳೆಯುವುದೂ ಇದೇ ಜಾತಿಯ ಅವಿವೇಕ. ಹಾಗೆ ಒದ್ದೆಯಾದ ಕೈಯಿಂದಲೇ ಬೀಡಿ ಹಚ್ಚುವವರ ಧೈರ್ಯವನ್ನು ಕುರಿತು ಹೇಳದಿರುವುದೇ ಲೇಸು.

ಕಲೆ ಎಂಥದು ಎಂದು ಮೊದಲು ಅರಿತರೆ ಅರ್ಧ ಕೆಲಸ ಆದಂತೆ. ಮಲೆನಾಡಿನ ಕಡೆಯಿಂದ ಈ ನಗರಕ್ಕೆ ಬಂದವರಿಗೆ ಅಡಿಕೆ ಸುಲಿಯುವ ಹೆಂಗಸರ ಕಪ್ಪಡರಿದ ಬೆರಳುಗಳ ನೆನಪಿದ್ದೀತು. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರು ದ್ರವ್ಯವೇ ಜಾಲಿ, ಮತ್ತಿ ಮೊದಲಾದ ಮರಗಳಲ್ಲೂ ಉಂಟು. ಅದಕ್ಕೆ ಉಳಿ, ಬಾಚಿ, ಮೊಳೆಗಳ ಕಬ್ಬಿಣವೂ ಕೈಯ ಬೆವರೂ ಕೂಡಿದರೆ ನೀಲಿಗಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನ ಕಾಲದಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ತಯಾರಿಸುತ್ತಿದ್ದುದು ಇದೇ ಕ್ರಿಯೆಯಿಂದ. ಶಾನುಭೋಗರ ಲೆಕ್ಕದ ಪುಸ್ತಕದಲ್ಲಿ ತಲೆಮಾರುಗಳ ಕಾಲ ಅಳಿಯದೆ ಉಳಿದ ಶಾಯಿ ಬಡಗಿಯ ಅಂಗೈಯಲ್ಲಿ ಬರಿಯ ನೀರಿಗೆ ಅಳಿಯದಿದ್ದರೆ ಆಶ್ಚರ್ಯವೇನು?

ಈ ಕಪ್ಪಿಗೆ ಮದ್ದು ಹುಳಿ. ತಾಮ್ರದ ಚೊಂಬನ್ನು ಬೆಳಗುವ ಹುಣಸೆಹಣ್ಣಾಗಲಿ, ನಿಂಬೆಯ ಹೋಳಾಗಲಿ ಕಬ್ಬಿಣದ ಅಂಶವನ್ನು ಸೆಳೆದುಕೊಂಡು ಕಲೆಯನ್ನು ಸಡಿಲಿಸುತ್ತದೆ. ಇಲ್ಲಿ ಕ್ರಮ ಮುಖ್ಯ: ಮೊದಲು ಹುಳಿ, ಅನಂತರ ಸಾಬೂನು. ಬಟ್ಟೆಸೋಡದಂಥ ಕ್ಷಾರ ಮೊದಲು ತಾಗಿದರೆ ಟ್ಯಾನಿನ್ನಿನ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಬಿರುಕು ಬಿಟ್ಟ ಕೈಗೆ ಹುಳಿ ಸಲ್ಲದು. ನಿಂಬೆರಸ ಹಚ್ಚಿದ ಕೈಯನ್ನು ಚೆನ್ನಾಗಿ ತೊಳೆಯದೆ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕೆಂಪಾಗಿ ಬೊಬ್ಬೆ ಏಳುವುದೂ ಉಂಟು. ಮರದ ಕಪ್ಪು ತೆಗೆಯಲು ಬಡಗಿಗಳು ಬಳಸುವ ಆಕ್ಸಾಲಿಕ್ ಆಮ್ಲ ವಿಷ. ಅದು ಮರಕ್ಕೆ ಸರಿ, ಕೈಗೆ ಬೇಡ. ಬ್ಲೀಚಿಂಗ್ ಪೌಡರೂ ಬೇಡ. ಅದಕ್ಕೆ ಹುಳಿ ಬೆರೆತರೆ ಹೊಮ್ಮುವ ಕ್ಲೋರಿನ್ ಅನಿಲ ಪುಪ್ಪುಸಗಳಿಗೆ ಅಪಾಯ.

ಅಂಟು, ಮೇಣ, ಎಣ್ಣೆಬಣ್ಣಗಳ ಸಂಗತಿ ಬೇರೆ. ಹಲಸಿನ ಹಣ್ಣು ಬಿಡಿಸುವ ಮುನ್ನ ಕೈಗೆ ಎಣ್ಣೆ ಸವರಿಕೊಳ್ಳಬೇಕೆಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಮರಗೆಲಸಕ್ಕೂ ಇದೇ ಸೂತ್ರ ಸಲ್ಲುತ್ತದೆ. ಎಣ್ಣೆಬಣ್ಣ ಒಣಗುವ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಬಟ್ಟೆಯಲ್ಲಿ ಒರಸಿ, ಆಮೇಲೆ ಸಾಬೂನಿನಿಂದ ತೊಳೆದರೆ ಬಹುಪಾಲು ಹೋಗುತ್ತದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಶು ಮಾತ್ರ ಎಣ್ಣೆಗೆ ಜಗ್ಗದು. ಅಲ್ಲಿ ಬಟ್ಟೆಯ ತುದಿಗೆ ನಾಲ್ಕು ಹನಿ ಸ್ಪಿರಿಟ್ ಮುಟ್ಟಿಸಿ ಕಲೆಯಿರುವೆಡೆ ಒರಸಿ ತಕ್ಷಣ ತೊಳೆಯಬಹುದು. ಕೈಯನ್ನೇ ಅದ್ದುವ ಅಗತ್ಯವಿಲ್ಲ. ಈಗಿನ ಪಾಲಿಯೂರಿಥೇನ್ ಬಗೆಯ ಪಾಲಿಶುಗಳು ಒಣಗಿ ಗಟ್ಟಿಯಾದ ಮೇಲೆ ಯಾವುದಕ್ಕೂ ಬಗ್ಗವು. ಉಪ್ಪುಕಾಗದದಿಂದ ಕೈ ಉಜ್ಜುವವರಿದ್ದಾರೆ! ಚರ್ಮದ ಮೇಲ್ಪದರ ಒಂದೆರಡು ವಾರಗಳಲ್ಲಿ ತಾನಾಗಿ ಉದುರಿ ಹೊಸದು ಬರುತ್ತದೆ. ಕಲೆಯೂ ಅದರೊಡನೆ ಹೋಗುತ್ತದೆ.

ಅಷ್ಟು ದಿನ ಕಾಯುವ ತಾಳ್ಮೆ ಏಕಿಲ್ಲ? ಇದಕ್ಕೆ ಬಡಗಿಯೊಬ್ಬನೇ ಹೊಣೆಯಲ್ಲ. ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವನ ಕಪ್ಪು ಬೆರಳುಗಳತ್ತ ಪಕ್ಕದವರ ದೃಷ್ಟಿ ಹರಿಯುವ ರೀತಿ ಅವನಿಗೆ ಗೊತ್ತು. ಶಾಯಿಯ ಕಲೆಯಿದ್ದ ಗುಮಾಸ್ತೆಯ ಬೆರಳನ್ನು ಯಾರೂ ಹಾಗೆ ನೋಡಲಿಲ್ಲ. ಕಲೆಯಾದರೋ ರಸಾಯನಶಾಸ್ತ್ರದ ದೃಷ್ಟಿಯಿಂದ ಹೆಚ್ಚುಕಡಿಮೆ ಒಂದೇ. ಕಾರ್ಮಿಕರಿಗೆ ಕೈತೊಳೆಯುವ ತಕ್ಕ ಸೌಕರ್ಯ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 42ನೆಯ ಕಲಮು ವಿಧಿಸಿತ್ತು. ಆದರೆ ಬೀದರ, ಕಲಬುರಗಿ ಕಡೆಯಿಂದ ಬಂದು ನಮ್ಮ ಫ್ಲಾಟುಗಳಲ್ಲಿ ಕಪಾಟು ಕೂಡಿಸುವ ಬಡಗಿಗೆ ಕಾರ್ಖಾನೆ ಎಲ್ಲಿದೆ? ಅವನಿಗೆ ದೊರೆಯುವುದು ಸಜ್ಜದ ಮೇಲಿನ ಒಂದು ಬಕೆಟ್ ನೀರು. ಸಾವಿರಾರು ರೂಪಾಯಿಯ ಹಲಗೆ ತರಿಸುವ ಮನೆಯವರು ಅದರ ಪಕ್ಕದಲ್ಲಿ ಒಂದು ಸಾಬೂನು, ಒಂದು ಸಣ್ಣ ಸೀಸೆ ಎಣ್ಣೆ, ಎರಡು ನಿಂಬೆಹಣ್ಣು ಇಡಬಾರದೇ? ಪಾಲಿಶಿನ ದಿನಕ್ಕೆ ನೈಟ್ರೈಲ್ ಕೈಗವಸು ಕೊಡಿಸುವುದು ಇನ್ನೂ ಉತ್ತಮ. ತಿರುಗುವ ಗರಗಸದ ಬಳಿ ಮಾತ್ರ ಕೈಗವಸು ಕೂಡದು. ಅದು ಸಿಕ್ಕಿಕೊಂಡು ಬೆರಳನ್ನೇ ಎಳೆದೀತು.

ಕಲೆಯೊಡನೆ ತುರಿಕೆ, ಬೊಬ್ಬೆ, ಬಾವು ಕಾಣಿಸಿಕೊಂಡರೆ ಮನೆಮದ್ದನ್ನು ಅಲ್ಲಿಗೇ ನಿಲ್ಲಿಸಬೇಕು. ಬೀಟೆ, ತೇಗಗಳ ಸಾರದಲ್ಲೇ ಕೆಲವರ ಚರ್ಮಕ್ಕೆ ಒಗ್ಗದ ದ್ರವ್ಯಗಳಿವೆ. ಒಮ್ಮೆ ಒಗ್ಗದೆ ಹೋದರೆ ಮುಂದೆ ಅದರ ಪುಡಿ ಸೋಕಿದರೂ ತುರಿಕೆ ಮರುಕಳಿಸಬಹುದು. ರೋಗಿಯನ್ನು ಅವನ ಕಸಬು ಯಾವುದೆಂದು ಕೇಳಬೇಕೆಂದು ಇಟಲಿಯ ವೈದ್ಯ ರಾಮಾಜ್ಜೀನಿ ತನ್ನ ಗ್ರಂಥದಲ್ಲಿ ಬರೆದದ್ದು 1700ರಲ್ಲಿ. ಜನಸಂದಣಿಯ ಇಂದಿನ ದವಾಖಾನೆಗಳಲ್ಲಿ ವೈದ್ಯರು ಕೇಳಲು ಮರೆತರೆ ರೋಗಿಯೇ ಹೇಳಬೇಕು: ಯಾವ ಮರ, ಯಾವ ಪಾಲಿಶು, ಯಾವುದರಿಂದ ಕೈ ತೊಳೆದದ್ದು. ಡಬ್ಬಿಯ ಮೇಲಿನ ಚೀಟಿಯನ್ನು ಜೊತೆಗೆ ಒಯ್ದರೆ ವೈದ್ಯರಿಗೆ ಇನ್ನೂ ಅನುಕೂಲ.