ಕೂರಿಸುವುದಷ್ಟೇ ಗೌರವವಲ್ಲ

‘ಸಾಕು ಉಮ್ಮಾ, ನೀವು ಕೂತ್ಕೊಳ್ಳಿ, ನಾವು ಮಾಡ್ತೇವೆ.’ ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು ಇದು. ಇದರಲ್ಲಿ ಪ್ರೀತಿಯೂ ಇದೆ, ಮರ್ಯಾದೆಯೂ ಇದೆ. ಆದರೆ ವರ್ಷಗಟ್ಟಲೆ ಹೀಗೆ ಕೂರಿಸಿದ ಹಿರಿಯರ ಕಾಲಿನ ಬಲ ಎಲ್ಲಿಗೆ ಹೋಗುತ್ತದೆ ಎಂದು ನಾವು ಯೋಚಿಸುವುದು ಕಡಿಮೆ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಿರಿಯರು ಕೂತು ತಿಂದವರಲ್ಲ. ಕಬ್ಬಿನ ಗದ್ದೆ, ಆಲೆಮನೆ, ಎಳನೀರಿನ ಮಂಡಿ, ರೇಷ್ಮೆ ಹುಳುವಿನ ಮನೆ ಅಂತ ದುಡಿದವರು. ವ್ಯಾಪಾರಕ್ಕಿಳಿದವರು ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ನಿಂತೇ ಇದ್ದವರು. ಗಲ್ಲಾಪೆಟ್ಟಿಗೆ ಮಗನ ಕೈಗೆ ಬಂದ ದಿನದಿಂದ ಅವರ ಲೋಕ ಟಿವಿ, ಮಂಚ, ಬಚ್ಚಲಿಗೆ ಸೀಮಿತವಾಗುತ್ತದೆ. ಉಮ್ಮಂದಿರ ಪಾಡು ಇನ್ನೂ ಕಷ್ಟ. ಗಂಡಸರಿಗೆ ಮಸೀದಿಗೆ, ಪೇಟೆಗೆ ಹೋಗುವ ನಡಿಗೆಯಾದರೂ ಇದೆ. ಅಡುಗೆಮನೆ ಸೊಸೆಗೆ ಬಿಟ್ಟುಕೊಟ್ಟ ಮೇಲೆ ಉಮ್ಮನಿಗೆ ಆ ನಡಿಗೆಯೂ ಇಲ್ಲ.

ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಈ ಐದರಲ್ಲಿ ಮೂರು ಕಂಡರೆ ಅದನ್ನು ಮುಪ್ಪಿನ ನಿತ್ರಾಣ ಎಂದು ಗುರುತಿಸುವ ಕ್ರಮವನ್ನು ವೈದ್ಯಲೋಕ 2001ರಿಂದ ಬಳಸುತ್ತಿದೆ. ನಾವೋ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಒಂದು ದಿನ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದ ಮೇಲೆ ಆಸ್ಪತ್ರೆಗೆ ಓಡುತ್ತೇವೆ. ಆ ಮೇಲೆ ಹಿಡಿದ ಹಾಸಿಗೆಯನ್ನು ಬಿಡದವರು ಎಷ್ಟೋ ಮಂದಿ.

ಇದೆಲ್ಲವೂ ವಯಸ್ಸಿನ ತಪ್ಪಲ್ಲ. ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದಾಗ ಅವರ ಕಾಲುಗಳಿಂದ ಸುಮಾರು 1 ಕೆ.ಜಿ.ಯಷ್ಟು ಸ್ನಾಯುಭಾಗ ಕರಗಿತ್ತು ಎಂದು 2007ರ ಅಧ್ಯಯನವೊಂದು ಹೇಳಿದೆ. ಇದಕ್ಕೆ ಎದುರಾದ ಒಳ್ಳೆಯ ಸುದ್ದಿಯೂ ಇದೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರ, ಸುಮಾರು 90 ವರ್ಷದ 10 ಮಂದಿಗೆ 8 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಕೊನೆತನಕ ಮಾಡಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಹೆಚ್ಚಾಯಿತು. ತೊಂಬತ್ತರಲ್ಲಿ ಆಗುವುದು ಎಪ್ಪತ್ತರಲ್ಲಿ ಯಾಕೆ ಆಗಬಾರದು?

ಇದಕ್ಕೆ ಜಿಮ್ಮು ಬೇಕಿಲ್ಲ, ದಿನಾ ಬಸ್ಸು ಹತ್ತಿ ಜಿಲ್ಲಾ ಆಸ್ಪತ್ರೆಗೆ ಹೋಗುವುದೂ ಬೇಕಿಲ್ಲ. ನ್ಯೂಝಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು ಮನೆಯಲ್ಲೇ ಮಾಡುವ ವ್ಯಾಯಾಮಕ್ರಮವೊಂದನ್ನು ರೂಪಿಸಿದರು. ಫಿಸಿಯೋಥೆರಪಿಸ್ಟ್ ಅಥವಾ ತರಬೇತಾದ ನರ್ಸ್ ಕೆಲವು ಸಲ ಮನೆಗೆ ಬಂದು ಕಲಿಸಿಕೊಡುತ್ತಾರೆ, ಉಳಿದದ್ದು ಹಿರಿಯರದ್ದೇ. ಬೀಳುವ ಪ್ರಮಾಣ ಅದರಿಂದ ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿತು. ಮಳವಳ್ಳಿಯ ಹಳ್ಳಿಮನೆಗೂ ಇಂಥದ್ದೇ ಹೊಂದುವುದು.

ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ ಅಂತಲೇ ಅರ್ಥ. ಮದ್ದೂ ಅದರಲ್ಲೇ ಇದೆ. ಅದೇ ಕುರ್ಚಿಯಿಂದ ದಿನಾ ಎದ್ದು ಕೂರುವುದು, ಮೊದಲು ಐದು ಸಲ, ಆಮೇಲೆ ಹತ್ತು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಯ ಪಕ್ಕದಲ್ಲಿ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ಜೋಡಿಸಿ ನಡೆಯುವುದು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಎತ್ತುವುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150 ನಿಮಿಷವಾದರೂ ನಡಿಗೆಯಂಥ ಚಟುವಟಿಕೆ, 2 ದಿನ ಬಲದ ವ್ಯಾಯಾಮ, 3 ದಿನ ಸಮತೋಲನದ ಅಭ್ಯಾಸ ಬೇಕೆನ್ನುತ್ತದೆ. ಅಷ್ಟು ಆಗದಿದ್ದರೆ ಆಗುವಷ್ಟು ಮಾಡಿದರೂ ಲಾಭವೇ.

ಹೃದ್ರೋಗ ಇದ್ದವರು, ಇತ್ತೀಚೆಗೆ ಬಿದ್ದವರು, ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು. ಮೊದಮೊದಲು ಪಕ್ಕದಲ್ಲಿ ಒಬ್ಬರು ನಿಲ್ಲಬೇಕು. ತಟ್ಟೆಯಲ್ಲಿ ಮೀನು, ಮೊಟ್ಟೆ, ಹೆಸರುಕಾಳು, ಬೇಳೆ ಇರಬೇಕು. ಬರೀ ಗಂಜಿ, ಚಹಾ, ಬಿಸ್ಕತ್ತಿನಿಂದ ಸ್ನಾಯು ಬೆಳೆಯದು.

ನೆಲದಿಂದ ಏಳಲಾಗದೆ ನಮಾಝಿಗೆ ಕುರ್ಚಿ ಹಿಡಿದವರು ನಮ್ಮಲ್ಲಿ ಇದ್ದಾರೆ. ಮಂಡಿ ಸವೆದವರಿಗೆ ಕುರ್ಚಿ ಬೇಕೇ ಬೇಕು. ಬರೀ ಬಲ ಕುಂದಿದ್ದಕ್ಕೆ ಕುರ್ಚಿ ಹಿಡಿದವರಲ್ಲಿ ಕೆಲವರಾದರೂ ಅಭ್ಯಾಸದಿಂದ ಮತ್ತೆ ನೆಲಕ್ಕೆ ಬರಬಹುದು.

ಸರಕಾರದ ಬಾಗಿಲನ್ನೂ ತಟ್ಟಬೇಕು. 2010ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ನಡೆಯಬೇಕು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಫಿಸಿಯೋಥೆರಪಿ ಸಿಗಬೇಕು. ನಿಮ್ಮೂರಲ್ಲಿ ಅದು ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಳುವವರಿಲ್ಲದ ಸೌಲಭ್ಯ ಕಾಗದದಲ್ಲೇ ಉಳಿಯುತ್ತದೆ. ಜಮಾಅತ್‌ಗಳು ತಿಂಗಳಿಗೊಮ್ಮೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿ ಕಲಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಹೆಂಗಸರಿಗೆ ಬೇರೆಯೇ ಹೊತ್ತು ಗೊತ್ತುಮಾಡಿದರೆ ಮನೆಯೊಳಗೇ ಉಳಿದ ಉಮ್ಮಂದಿರೂ ಬಂದಾರು.

ಮಿಕ್ಕದ್ದು ಮಕ್ಕಳ, ಮೊಮ್ಮಕ್ಕಳ ಕೈಯಲ್ಲಿದೆ. ಕಾಳು ಆರಿಸುವುದು, ಬಟ್ಟೆ ಮಡಚುವುದು, ಅಂಗಡಿಯವರೆಗೆ ಹೋಗಿಬರುವುದು, ಆಗುವ ಕೆಲಸವನ್ನು ಅವರಿಂದ ಕಿತ್ತುಕೊಳ್ಳಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ ಅವರ ಜೊತೆ ನಿಂತು, ನೀವೂ ಎದ್ದು ಕೂತು ಮಾಡಿ. ಇನ್ನೊಬ್ಬರ ಕೈ ಕಾಯದೆ ತಾವೇ ಎದ್ದು ಬಚ್ಚಲಿಗೆ ಹೋಗಿಬರುವ ಹಿರಿಯರ ಮಾನ ದೊಡ್ಡದು. ಅದನ್ನು ಕಾಪಾಡಿಕೊಡುವುದು ನಮ್ಮ ಮೇಲಿನ ಋಣ.