ಜೂರಿಕ್ಕಿನ ಸಂಬಳವೂ ಜೂರಿಕ್ಕಿನ ಸುಖವೂ

ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಫ್ರಾಂಕಿನ ಸಂಬಳ ದೊರೆತರೆ ಸುಖಜೀವನಕ್ಕೆ ಮತ್ತೇನು ಬೇಕೆಂಬುದು ವಿದ್ಯಾವಂತರ ಮನೆಗಳಲ್ಲಿ ಕೇಳಿಬರುವ ಮಾತು. ಫ್ರಾಂಕನ್ನು ರೂಪಾಯಿಗೆ ಗುಣಿಸಿ, ಬಂದ ಮೊತ್ತವನ್ನು ಕಂಡು ಬೆರಗಾಗುವವರೇ ಬಹಳ. ಸಂಪಾದನೆ ಫ್ರಾಂಕಿನಲ್ಲಾದರೆ ವೆಚ್ಚವೂ ಫ್ರಾಂಕಿನಲ್ಲಿಯೇ ಎಂಬುದು ಅವರ ಬುದ್ಧಿಗೆ ಹೊಳೆಯುವುದಿಲ್ಲ. ಗುಣಾಕಾರವನ್ನು ಬಲ್ಲವರು ವ್ಯವಕಲನವನ್ನೇಕೆ ಮರೆಯಬೇಕು?

ಮೊದಲನೆಯದಾಗಿ ಮನೆ. ಜೂರಿಕ್ಕಿನ ಬಹುಪಾಲು ಜನರು ಬಾಡಿಗೆದಾರರು. 2023ನೆಯ ಇಸವಿಯ ಜೂನ್ ತಿಂಗಳ ಗಣನೆಯಲ್ಲಿ ಅಲ್ಲಿ ಖಾಲಿಯಿದ್ದ ಮನೆಗಳು ನೂರಕ್ಕೆ 0.06, ಅಂದರೆ ಹತ್ತು ಸಾವಿರಕ್ಕೆ ಆರು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದರು. ಅಲ್ಲಿ ಹಾಸಿಗೆ ಹಾಸುವ ಸ್ಥಳವೇ ದುರ್ಲಭ. ಎರಡನೆಯದು ಆರೋಗ್ಯವಿಮೆ. 1996ರಿಂದ ಅದು ಪ್ರತಿಯೊಬ್ಬ ನಿವಾಸಿಗೂ ಕಡ್ಡಾಯ. ಅದರ ಕಂತು ಆದಾಯವನ್ನು ನೋಡದೆ ತಲೆಗಿಷ್ಟೆಂದು ಬೀಳುವುದು. ಕೂಸಿಗೂ ಬೇರೆ ಕಂತುಂಟು. ಮೂರನೆಯದು ಶಿಶುಪಾಲನೆ. ತಂದೆತಾಯಿಗಳಿಬ್ಬರೂ ದುಡಿಯಲು ಹೊರಟರೆ ಮಗುವನ್ನು ನೋಡಿಕೊಳ್ಳುವವರಿಗೆ ದಿನವೊಂದಕ್ಕೆ 100 ಫ್ರಾಂಕಿಗೂ ಮಿಗಿಲಾಗಿ ತೆರಬೇಕಾಗುವುದು. ನಗರದ ನೆರವು ಕಡಮೆ ಆದಾಯದವರಿಗೇ ಹೊರತು ದೊಡ್ಡ ಸಂಬಳದವರಿಗಲ್ಲ.

ಉಳಿತಾಯವೇ ಆಗದೆಂದು ಇದರ ಅರ್ಥವಲ್ಲ. ಮಕ್ಕಳಿಲ್ಲದ ದಂಪತಿಗಳಿಬ್ಬರೂ ದುಡಿದರೆ ಹಣವು ಧಾರಾಳವಾಗಿ ಉಳಿದೀತು. ಆದರೆ ಉಳಿತಾಯ ಬೇರೆ, ಸುಖ ಬೇರೆ. ಆ ಸಂಬಳವಾದರೂ ಎಷ್ಟು ಸ್ಥಿರ? 1856ರಲ್ಲಿ ಸ್ಥಾಪಿತವಾದ ಕ್ರೆಡಿಟ್ ಸ್ವಿಸ್ ಎಂಬ ಜೂರಿಕ್ಕಿನ ಮಹಾಬ್ಯಾಂಕು 2023ರಲ್ಲಿ ಕುಸಿದು, ಎದುರುಬದಿಯ ಬ್ಯಾಂಕಿನಲ್ಲಿ ಲೀನವಾಯಿತು.

"ಆದರೂ ಅಲ್ಲಿನ ಜನ ಸುಖವಾಗಿಯೇ ಇದ್ದಾರಲ್ಲ?" ಎಂದು ಪೂರ್ವಪಕ್ಷದವರು ಕೇಳಬಹುದು. ಇದ್ದಾರೆ, ಸತ್ಯ. ಆ ಸುಖದ ಮೂಲವಾವುದೆಂಬುದೇ ಪ್ರಶ್ನೆ. ಆ ನಗರದಲ್ಲಿ ಸುಮಾರು 1,200 ಕಾರಂಜಿಗಳುಂಟು; ದಾರಿಹೋಕನು ಬೊಗಸೆಯೊಡ್ಡಿ ನಿಶ್ಚಿಂತೆಯಾಗಿ ನೀರು ಕುಡಿಯಬಹುದು. ಗುಮಾಸ್ತನೂ ಬ್ಯಾಂಕಿನ ಅಧಿಕಾರಿಯೂ ಒಂದೇ ಟ್ರಾಮಿನಲ್ಲಿ ಕುಳಿತು ಕೆಲಸಕ್ಕೆ ಹೋಗುವರು. ಕೊಳಚೆಯಿಂದ ಒಮ್ಮೆ ಕೆಟ್ಟಿದ್ದ ಸರೋವರವು ಶುದ್ಧೀಕರಣಶಾಲೆಗಳ ದೆಸೆಯಿಂದ ತಿಳಿಯಾಗಿ, ಇಂದು ಊರಿನ ಕುಡಿಯುವ ನೀರಿನ ಬಹುಭಾಗವನ್ನು ಒದಗಿಸುತ್ತಿದೆ. ಇವುಗಳಲ್ಲಿ ಯಾವುದೊಂದೂ ಯಾವನೊಬ್ಬನ ಸಂಬಳದಿಂದ ಕೊಂಡುದಲ್ಲ. ತಲೆಮಾರುಗಳ ಪೌರರು ತೆರಿಗೆ ತೆತ್ತು, ಮತವಿತ್ತು ಕಟ್ಟಿದ ಸಾಧಾರಣ ಸೊತ್ತು ಅದು.

ಮನೆಯ ವಿಷಯದಲ್ಲಿಯೂ ಹಾಗೆಯೇ. ಅಗ್ಗವೂ ಆರೋಗ್ಯಕರವೂ ಆದ ವಸತಿಯನ್ನು ಒದಗಿಸುವುದು ನಗರದ ಕರ್ತವ್ಯವೆಂದು ಪೌರರು 1907ರಲ್ಲಿಯೇ ವಿಧಿಸಿದರು. 2050ರ ವೇಳೆಗೆ ಬಾಡಿಗೆಮನೆಗಳಲ್ಲಿ ಮೂರನೆಯ ಒಂದು ಪಾಲು ಲಾಭದೃಷ್ಟಿಯಿಲ್ಲದವುಗಳಾಗಿರಬೇಕೆಂದು 2011ರಲ್ಲಿ ಬಹುಮತದಿಂದ ನಿರ್ಣಯಿಸಿದರು. ಸಹಕಾರಸಂಘಗಳ ಇಂತಹ ಮನೆಗಳಲ್ಲಿರುವ ಸಾಮಾನ್ಯ ಕುಟುಂಬವು ನಿಶ್ಚಿಂತೆಯಾಗಿರುವಾಗ, ಹೊರಗಿನಿಂದ ಬಂದ ಶ್ರೀಮಂತ ನೌಕರನು ಪೇಟೆಯ ಬಾಡಿಗೆಯನ್ನು ತೆರುತ್ತಾನೆ. ತೆರುವುದಷ್ಟೇ ಅಲ್ಲ, ಇತರರಿಗಿಂತ ಹೆಚ್ಚು ಕೊಡಬಲ್ಲವನಾದುದರಿಂದ ಆ ಬಾಡಿಗೆಯನ್ನು ಏರಿಸಲೂ ಕಾರಣನಾಗುತ್ತಾನೆ. ಅದನ್ನು ತಡೆಯುವ ಮತದಾನದಲ್ಲಿ ಅವನಿಗೆ ಭಾಗವಿಲ್ಲ. ಪೌರತ್ವಕ್ಕೆ ಅರ್ಜಿಯಿಡಬೇಕಾದರೆ ಸಾಮಾನ್ಯವಾಗಿ ಹತ್ತು ವರ್ಷಗಳ ವಾಸ ಬೇಕು.

ಆದುದರಿಂದ ದೊಡ್ಡ ಸಂಬಳವೇ ಸುಖವೆಂಬ ವಾದವು ನಿಲ್ಲಲಾರದು. ಜೂರಿಕ್ಕಿನ ಸುಖವೆಂಬುದು ಊರವರೆಲ್ಲರೂ ಸೇರಿ ತೋಡಿದ ಬಾವಿ. ದೊಡ್ಡ ಸಂಬಳವು ಅದಕ್ಕೆ ಇಳಿಬಿಡುವ ಬೆಳ್ಳಿಯ ಕೊಡ. ಬಾವಿಯಲ್ಲಿ ನೀರಿದ್ದರೆ ಮಣ್ಣಿನ ಕೊಡವೂ ತುಂಬೀತು. ಮಕ್ಕಳನ್ನು ಅಂತಹ ನಗರಗಳಿಗೆ ಕಳುಹಿಸುವ ತಂದೆತಾಯಿಗಳು ಕೊಡದ ಬೆಲೆಯನ್ನು ಕೊಂಡಾಡುವುದನ್ನು ಬಿಡಲಿ. ತಮ್ಮ ಊರಿನ ಬಾವಿಯನ್ನು ತೋಡುವ ಕಾಲಕ್ಕೆ, ತೆರಿಗೆಯ ದಿನ ಮತ್ತು ಮತದಾನದ ದಿನ, ತಾವು ಎಲ್ಲಿದ್ದೆವೆಂದು ಒಮ್ಮೆ ತಮ್ಮನ್ನು ತಾವೇ ಕೇಳಿಕೊಳ್ಳಲಿ.