ಹಾಡು ಗಡಿ ದಾಟಲಿ, ಅಂಕಿತ ಅಳಿಯದಿರಲಿ

ನಮ್ಮ ಭಾಗದ ಸಂಗೀತಗಾರರು ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಹೊಸ ಜಾಲತಾಣಗಳಲ್ಲಿ ತಮ್ಮ ಹಾಡನ್ನು ಪ್ರಚಾರ ಮಾಡಬೇಕೇ, ಬೇಡವೇ ಎಂಬ ಪ್ರಶ್ನೆ ಈಚೆಗೆ ಸಂಘ ಸಂಸ್ಥೆಗಳ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಹಿರಿಯರಲ್ಲಿ ಹಲವರು ‘ಬೇಡ’ ಎನ್ನುತ್ತಾರೆ. ಸಂಗೀತವು ಸಾಧನೆಯ ವಸ್ತು, ಸಂತೆಯ ಸರಕಲ್ಲ ಎಂಬುದು ಅವರ ವಾದ. ಕಿರಿಯರಲ್ಲಿ ಹಲವರು ‘ಅದಿಲ್ಲದೆ ಗತಿಯಿಲ್ಲ’ ಎನ್ನುತ್ತಾರೆ. ಮೊಬೈಲಿನಲ್ಲಿ ಕಾಣದ ಕಲಾವಿದ ಇದ್ದೂ ಇಲ್ಲದಂತೆ ಎಂಬುದು ಅವರ ವಾದ. ನಾವು ಈ ಎರಡೂ ಪಕ್ಷಗಳನ್ನು ಒಪ್ಪುವುದಿಲ್ಲ. ಹಾಗೆಂದು ನಡುವೆ ಕುಳಿತು ತಕ್ಕಡಿ ತೂಗುವ ಉದ್ದೇಶವೂ ನಮಗಿಲ್ಲ. ಬಳಸಲೇಬೇಕು ಎಂಬುದು ನಮ್ಮ ಸ್ಪಷ್ಟ ಮತ. ಹೇಗೆ ಬಳಸಬೇಕು, ಅದರ ಹೊಣೆ ಯಾರದು ಎಂಬಲ್ಲಿ ನಮ್ಮ ಜಗಳವಿದೆ. ಆ ಜಗಳದ ಹೆಚ್ಚಿನ ಪಾಲು ಕೇಳುಗರಾದ ನಮ್ಮ ನಿಮ್ಮೊಡನೆಯೇ ಇದೆ.

ಮೊದಲು, ನಮ್ಮ ಸಂಗೀತಗಾರರೆಂದರೆ ಯಾರು ಎಂಬುದನ್ನು ನೆನೆಯೋಣ. ದುಧನಿ, ಮೈಂದರ್ಗಿ, ನಾಗಣಸೂರ, ಜೇವೂರುಗಳಂಥ ಅಕ್ಕಲಕೋಟ ತಾಲೂಕಿನ ಊರುಗಳಲ್ಲಿ ಪೇಟಿ, ತಬಲಾ, ತಾಳ ಹಿಡಿದು ವಚನ, ತತ್ವಪದ ಹಾಡುವ ಭಜನಾ ಮೇಳದವರು. ಹಂತಿಯ ಪದ, ಸೋಬಾನೆ, ಮೊಹರಮ್ಮಿನ ಪದಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ತಾಯಂದಿರು ಮತ್ತು ಹಿರಿಯರು. ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ನೆರೆಯುವ ಮಾಳಿಂಗರಾಯನ ಜಾತ್ರೆಯಲ್ಲಿ ಡೊಳ್ಳಿನ ಪದ ಹಾಡುವವರು. ಸೊಲ್ಲಾಪುರದ ಮನೆಗಳಲ್ಲಿ ಖಯಾಲ್ ಕಲಿಯುತ್ತಿರುವ ಹುಡುಗ ಹುಡುಗಿಯರು. ಸಂಕ್ರಾಂತಿಯಲ್ಲಿ ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆಗೆ ಹೊರಡುವ ಈ ಸಿದ್ಧರಾಮನ ನೆಲದಲ್ಲಿ ಹಾಡಿಗೆ ಬರವಿಲ್ಲ. ಬರವಿರುವುದು ಆ ಹಾಡನ್ನು ಕೇಳುವ ಮುಂದಿನ ಕಿವಿಗೆ.

ಗಡಿಭಾಗದ ಕನ್ನಡ ಕಲಾವಿದನ ಪಾಡು ವಿಚಿತ್ರವಾದುದು. ರಾಜ್ಯಗಳ ಪುನರ್ವಿಂಗಡಣೆಯಾದ 1956ರಿಂದ ಕರ್ನಾಟಕದ ವೇದಿಕೆಗೆ ಆತ ಹೊರರಾಜ್ಯದವನು. ಮಹಾರಾಷ್ಟ್ರದ ವೇದಿಕೆಗೆ ಆತನ ಹಾಡು ಪರಭಾಷೆಯದು. ಎರಡೂ ಮನೆಗಳಲ್ಲಿ ಆತ ಅತಿಥಿ, ಯಾವ ಮನೆಯಲ್ಲಿಯೂ ಮಗನಲ್ಲ. ಅಂಥವನಿಗೆ ಇಂದು ಒಂದು ದಾರಿ ತೆರೆದಿದೆ. ದುಧನಿಯಲ್ಲಿ ಹಾಡಿದ ಪದವನ್ನು ಕಲಬುರಗಿ, ಆಳಂದ, ಇಂಡಿಗಳಲ್ಲಿ ಅದೇ ಸಂಜೆ ಕೇಳಬಹುದು. ನಡುವೆ ಯಾವ ಗಡಿಕಲ್ಲೂ ಅಡ್ಡ ಬರುವುದಿಲ್ಲ. ಇನ್ನೊಂದು ಮಾತು, ಮನಸ್ಸಿಗೆ ನೋವಾದರೂ ಹೇಳಬೇಕಾದುದು: ಪುಣೆ, ಮುಂಬಯಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬಾರದು. ಈ ಸಂಚಿಕೆಯನ್ನು ಅವರು ತೆರೆದೂ ನೋಡಲಾರರು. ಆದರೆ ಓದಲಾಗದ ಕನ್ನಡವನ್ನು ಅವರು ಕೇಳಬಲ್ಲರು. ಲಿಪಿ ಕೈಬಿಟ್ಟ ಮಗುವಿಗೆ ಭಾಷೆಯನ್ನು ಮುಟ್ಟಿಸಲು ಹಾಡಿಗಿಂತ ಹತ್ತಿರದ ಹಾದಿಯಿಲ್ಲ. ಹಾಡು ಆ ಮಗುವಿನ ಕೈಗೆ ಸಿಗುವುದು ಮೊಬೈಲಿನಲ್ಲಿಯೇ. ಹೀಗಿರುವಾಗ ‘ಬೇಡ’ ಎನ್ನುವ ಹಕ್ಕು ನಮಗೆಲ್ಲಿದೆ?

ಯಂತ್ರವು ಸಂಗೀತವನ್ನು ಕೆಡಿಸುತ್ತದೆ ಎಂಬ ಆಕ್ಷೇಪ ಹೊಸತೇನೂ ಅಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಂದಿನಿಂದಲೂ ಈ ಮಾತು ಇದ್ದೇ ಇದೆ. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಮಾತ್ರ ಹಾಡಲು ಸಾಧ್ಯವಿದ್ದ ಕಾಲವದು. ಆದರೂ ಮಿರಜಿನಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂಖಾನರು ಆ ಯಂತ್ರದ ಮುಂದೆ ಕುಳಿತು ಹಾಡಿದರು. ಅವರು ಹಾಡಿದ ಝಿಂಜೋಟಿಯ ಠುಮರಿಯ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿದ ಗದಗಿನ ಬಾಲಕನೊಬ್ಬ, ಹಾಗೆ ಹಾಡಲು ಕಲಿಯಲೇಬೇಕೆಂದು ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಮನೆ ಬಿಟ್ಟು ಹೊರಟ. ಆ ಬಾಲಕನೇ ಮುಂದೆ ಭಾರತರತ್ನರಾದ ಪಂಡಿತ ಭೀಮಸೇನ ಜೋಶಿ. ಅಂದು ಖಾನಸಾಹೇಬರು ಯಂತ್ರವನ್ನು ಮೈಲಿಗೆಯೆಂದು ದೂರವಿಟ್ಟಿದ್ದರೆ ಆ ಕಿಡಿ ಗದಗಿಗೆ ಹಾರಿ ಬರುತ್ತಿತ್ತೇ?

ಇದಕ್ಕೆ ಹಿರಿಯರು ಕೊಡುವ ಉತ್ತರವೂ ನಮಗೆ ಗೊತ್ತಿದೆ. ಜೈಪುರ ಘರಾಣೆಯ ಮೂಲಪುರುಷರಾದ ಉಸ್ತಾದ್ ಅಲ್ಲಾದಿಯಾಖಾನರು ಧ್ವನಿಮುದ್ರಣಕ್ಕೆ ಒಪ್ಪಲಿಲ್ಲ. ಆದರೂ ಅವರ ಗಾಯಕಿ ಉಳಿಯಿತಲ್ಲವೇ ಎನ್ನುತ್ತಾರೆ. ಉಳಿಯಿತು, ನಿಜ. ಅವರ ಮಕ್ಕಳಾದ ಮಂಜಿಖಾನ್, ಭುರ್ಜಿಖಾನರು ಇದ್ದರು. ಅವರ ಬಳಿ ಕಲಿಯಲು ನಮ್ಮ ಮಲ್ಲಿಕಾರ್ಜುನ ಮನ್ಸೂರರು ಇದ್ದರು. ವಿದ್ಯೆಯನ್ನು ಹೊತ್ತುಕೊಳ್ಳಲು ಹೆಗಲುಗಳು ಸಿದ್ಧವಾಗಿದ್ದುವು. ನಮ್ಮ ಭಜನಾ ಮೇಳದ ಹಿರಿಯನ ಹಿಂದೆ ಕುಳಿತಿರುವ ಶಿಷ್ಯರು ಎಷ್ಟು ಮಂದಿ? ಆತನ ಮಗ ಚಾಕಣದ ಕಾರಖಾನೆಯಲ್ಲಿದ್ದಾನೆ, ಮೊಮ್ಮಗ ಪುಣೆಯ ಶಾಲೆಯಲ್ಲಿದ್ದಾನೆ. ಶಿಷ್ಯಪರಂಪರೆಯುಳ್ಳವರು ಯಂತ್ರವನ್ನು ನಿರಾಕರಿಸಿದರೆ ಅದು ಗಾಂಭೀರ್ಯ. ಅದಿಲ್ಲದ ನಾವು ನಿರಾಕರಿಸಿದರೆ ಅದು ಆತ್ಮಹತ್ಯೆ.

ಇಷ್ಟು ಹೇಳಿದ ಮಾತ್ರಕ್ಕೆ ಕಿರಿಯರು ಗೆದ್ದೆವೆಂದು ಹಿಗ್ಗಬೇಕಾಗಿಲ್ಲ. ಭೀಮಸೇನರು ತಟ್ಟೆಯನ್ನು ಕೇಳಿ ಮನೆ ಬಿಟ್ಟರು, ತಟ್ಟೆಯಿಂದ ಗಾಯಕರಾಗಲಿಲ್ಲ. ಗ್ವಾಲಿಯರ್, ಜಾಲಂಧರಗಳೆಂದು ಅಲೆದು, ಕೊನೆಗೆ ಕುಂದಗೋಳದಲ್ಲಿ ಅದೇ ಕರೀಂಖಾನರ ಶಿಷ್ಯರಾದ ಸವಾಯಿ ಗಂಧರ್ವರ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಿ ಕಲಿತರು. ಯಂತ್ರವು ಗುರುವಿನ ಮನೆಯ ದಾರಿ ತೋರಿಸಬಲ್ಲದು, ಗುರುವಾಗಲಾರದು. ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿ ಆರಂಭವಾದ ಮೇಲೆ ಅಲ್ಲಿ ಹಾಡಬೇಕೆನ್ನುವವರು ಬಲ್ಲವರ ಮುಂದೆ ಧ್ವನಿಪರೀಕ್ಷೆಗೆ ಕುಳಿತು ಶ್ರೇಣಿ ಪಡೆಯಬೇಕಾಗಿತ್ತು. ಆ ವ್ಯವಸ್ಥೆಯಲ್ಲಿ ದೋಷಗಳಿದ್ದಿರಬಹುದು; ಆದರೆ ಅಲ್ಲಿ ಕಿವಿಗಳಿದ್ದುವು. ಇಂದಿನ ಜಾಲತಾಣಕ್ಕೆ ಕಿವಿಯಿಲ್ಲ, ಲೆಕ್ಕವೊಂದೇ ಇದೆ. ಎಷ್ಟು ಜನ ನೋಡಿದರು, ಎಷ್ಟು ಹೊತ್ತು ನಿಂತರು, ಎಷ್ಟು ಹೆಬ್ಬೆರಳು ಎತ್ತಿದರು ಎಂಬುದನ್ನು ಮಾತ್ರ ಅದು ಎಣಿಸುತ್ತದೆ. ಶ್ರುತಿ ತಪ್ಪಿದ ಹಾಡಿಗೆ ಹತ್ತು ಸಾವಿರ ಮೆಚ್ಚುಗೆ ಬಂದರೆ ಆ ಹುಡುಗನಿಗೆ ‘ಶ್ರುತಿ ತಪ್ಪಿದೆ’ ಎಂದು ಹೇಳುವವರು ಯಾರು?

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ವಚನಕ್ಕೆ, ತತ್ವಪದಕ್ಕೆ ಅಂಕಿತವೆಂಬುದುಂಟು, ಮತ್ತು ಅದು ಬರುವುದು ಬಹುಮಟ್ಟಿಗೆ ಕೊನೆಯಲ್ಲಿ. ಸಿದ್ಧರಾಮನ ವಚನದಲ್ಲಿ ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬುದು ಬಂದಾಗಲೇ ಮಾತು ಯಾರದು, ಯಾರಿಗೆ ಎಂಬುದು ತಿಳಿಯುತ್ತದೆ. ಅರ್ಧ ನಿಮಿಷದ ರೀಲಿಗೆಂದು ಪಲ್ಲವಿಯನ್ನಷ್ಟೇ ಕತ್ತರಿಸಿ ಹಾಕಿದಾಗ ಮೊದಲು ಬಿದ್ದುಹೋಗುವುದು ಈ ಅಂಕಿತವೇ. ಮರುದಿನ ಅದು ತಂದೆತಾಯಿಯಿಲ್ಲದ ಹಾಡಾಗಿ ಅಲೆಯುತ್ತದೆ. ಚಿಕ್ಕದಾಗಿರುವುದೇ ದೋಷವೆಂದು ನಾವು ಹೇಳುತ್ತಿಲ್ಲ. ಕರೀಂಖಾನರ ಮೂರು ನಿಮಿಷದಲ್ಲಿ ಆರಂಭವಿತ್ತು, ಅಂತ್ಯವಿತ್ತು. ಅದನ್ನು ಹಾಡುವವರೇ ಕಟ್ಟಿದ್ದರು. ರೀಲಿನಲ್ಲಿ ಕತ್ತರಿ ಎಲ್ಲಿ ಬೀಳುತ್ತದೆಯೋ ಅದೇ ಅಂತ್ಯ. ಅಂದು ಗೌಹರ್ ಜಾನ್ ತಟ್ಟೆಯ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ದೂರದ ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು. ನೂರಿಪ್ಪತ್ತು ವರ್ಷಗಳ ಹಿಂದೆ ಆಕೆಗಿದ್ದ ಎಚ್ಚರ ಇಂದು ನಮಗೇಕಿಲ್ಲ?

ಹಣದ ಮಾತನ್ನೂ ಆಡಿಬಿಡೋಣ. ಯೂಟ್ಯೂಬಿನಿಂದ ಜೀವನ ಸಾಗುತ್ತದೆಂದು ನಂಬಿ, ಇದ್ದ ಉದ್ಯೋಗವನ್ನು ಅಲಕ್ಷಿಸುವ ಹುಡುಗರನ್ನು ನಾವು ಬಲ್ಲೆವು. ಶಾಲೆಯಲ್ಲಿ ಗಣಿತ ಹೇಳಿದ ಅಭ್ಯಾಸದಿಂದ ಒಂದು ಲೆಕ್ಕ ಮುಂದಿಡುತ್ತೇವೆ. ಜಾಹೀರಾತಿನ ಪಾಲು ಸಿಗಬೇಕಾದರೆ ಒಂದು ಚಾನೆಲ್ಲಿಗೆ 1000 ಚಂದಾದಾರರಿರಬೇಕು. ದೀರ್ಘ ವಿಡಿಯೋಗಳಾದರೆ ಒಂದು ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ ಆಗಿರಬೇಕು. ಆರು ನಿಮಿಷದ ಒಂದು ಪದವನ್ನು 40,000 ಸಲ ಪೂರ್ತಿಯಾಗಿ ಕೇಳಿದರೆ 4000 ಗಂಟೆ ಆಗುತ್ತದೆ. ಅದು ಹೊಸ್ತಿಲು ಮಾತ್ರ. ಗಳಿಕೆ ಆರಂಭವಾಗುವುದು ಅದನ್ನು ದಾಟಿದ ಮೇಲೆ, ಬಂದದ್ದನ್ನು ಮೇಳದ ಎಂಟು ಹತ್ತು ಮಂದಿ ಹಂಚಿಕೊಳ್ಳಬೇಕು. ಆದುದರಿಂದ ಜಾಲತಾಣವನ್ನು ಡಂಗುರವೆಂದು ತಿಳಿಯಬೇಕು, ಹೊಲವೆಂದು ತಿಳಿಯಬಾರದು. ಡಂಗುರ ಕೇಳಿ ಜನ ಜಾತ್ರೆಗೆ ಕರೆದಾರು, ಶಿಷ್ಯರು ಬಂದಾರು. ಅನ್ನ ಸಿಗುವುದು ಅಲ್ಲಿ.

ಆ ಡಂಗುರವೂ ನಮ್ಮ ಕೈಯದಲ್ಲ. 2020ರ ಜೂನ್ 29ರಂದು ಸರಕಾರವು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಆದರೆ ಅಲ್ಲಿ ಲಕ್ಷ ಲಕ್ಷ ಕೇಳುಗರನ್ನು ಕೂಡಿಸಿಕೊಂಡಿದ್ದ ಹಳ್ಳಿಯ ಕಲಾವಿದರು ಬೆಳಗಾಗುವಷ್ಟರಲ್ಲಿ ಬರಿಗೈಯಾದರು. ಪರರ ಅಂಗಳದಲ್ಲಿ ರಾಶಿ ಮಾಡಿದವರು ಬೀಜದ ಕಾಳನ್ನಾದರೂ ಮನೆಯ ಹಗೇವಿನಲ್ಲಿ ಇಟ್ಟುಕೊಂಡಿರಬೇಕು. ಹಾಡಿದ ಪ್ರತಿಯೊಂದರ ಪ್ರತಿಯೂ ಕಲಾವಿದನ ಬಳಿ ಇರಲೇಬೇಕು. ಹಕ್ಕಿನ ವಿಷಯವೂ ಇದೆ. ಹನ್ನೆರಡನೆಯ ಶತಮಾನದ ವಚನ ಯಾರ ಆಸ್ತಿಯೂ ಅಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಾಡಿದವನಿಗೆ ತನ್ನ ಪ್ರಸ್ತುತಿಯ ಮೇಲೆ 50 ವರ್ಷಗಳ ಹಕ್ಕಿದೆ. ಆತನ ಒಪ್ಪಿಗೆಯಿಲ್ಲದೆ ಅದನ್ನು ಮುದ್ರಿಸಿ ಲೋಕಕ್ಕೆ ಬಿತ್ತರಿಸುವಂತಿಲ್ಲ. ಜಾತ್ರೆಯಲ್ಲಿ ಕ್ಯಾಮರಾ ಹಿಡಿದು ಬಂದವನು ಮೇಳದ ಹಾಡನ್ನು ತನ್ನ ಚಾನೆಲ್ಲಿಗೆ ಏರಿಸಿ, ಹಾಡಿದವರ ಹೆಸರನ್ನೂ ಹಾಕದೆ ಬಿಡುವುದು ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಒಂದು ಪುಟದ ಕರಾರುಪತ್ರ ಬರೆಸಿಕೊಳ್ಳಲು ಮೇಳದವರು ಸಂಕೋಚಪಡಬಾರದು.

ಇನ್ನು ನಮ್ಮ ಸರದಿ. ಸಂಘದ ಬಾಂಧವರೇ, ವಾಟ್ಸಾಪಿನಲ್ಲಿ ಬಂದ ಭಜನೆಯನ್ನು ನೂರು ಜನರಿಗೆ ಕಳಿಸಿ ‘ಎಷ್ಟು ಚೆಂದ ಹಾಡ್ಯಾನ!’ ಎನ್ನುತ್ತೇವೆ, ಹಾಡಿದಾತನ ಹೆಸರೇನು, ಊರು ಯಾವುದು ಎಂದು ಕೇಳುವುದಿಲ್ಲ. ವಾರ್ಷಿಕೋತ್ಸವದಲ್ಲಿ ಫ್ಲೆಕ್ಸಿಗೆ, ಮಂಟಪಕ್ಕೆ, ಧ್ವನಿವರ್ಧಕಕ್ಕೆ ಕೇಳಿದಷ್ಟು ಕೊಡುತ್ತೇವೆ. ಹಾಡಿದವನಿಗೆ ಶಾಲು, ಹಾರ, ತೆಂಗಿನಕಾಯಿ. ಮಂಟಪದವನಿಗೆ ಮುಂಗಡ, ಮೇಳದವರಿಗೆ ‘ದೇವರ ಸೇವೆ’! ಹೀಗೆ ಮಾಡಿದ ನಾವೇ ‘ಕಲಾವಿದರು ಪ್ರಚಾರದ ಹಿಂದೆ ಬಿದ್ದರು’ ಎಂದು ಮೂಗು ಮುರಿದರೆ ಅದು ನ್ಯಾಯವೇ? ಎದುರಿಗೆ ಕುಳಿತ ಕೇಳುಗನು ಕೈಬಿಟ್ಟಾಗ ಹಾಡುವವನು ಕಾಣದ ಕೇಳುಗನನ್ನು ಹುಡುಕಿಕೊಂಡು ಹೋಗುತ್ತಾನೆ.

ಆದುದರಿಂದ ನಮ್ಮ ಒತ್ತಾಯವಿಷ್ಟು. ಪ್ರತಿಯೊಬ್ಬ ಕಲಾವಿದನೂ ಒಂಟಿಯಾಗಿ ಜಾಲತಾಣದೊಡನೆ ಗುದ್ದಾಡುವ ಬದಲು, ಸಂಘವೇ ಒಂದು ಚಾನೆಲ್ ನಡೆಸಲಿ. ವಾರಕ್ಕೊಂದು ಪದ, ಪೂರ್ತಿಯಾಗಿ, ಅಂಕಿತದವರೆಗೆ. ಕೆಳಗೆ ಪದಕಾರನ ಹೆಸರು, ಹಾಡಿದವರು, ತಬಲಾ ತಾಳದವರು, ಹಿಮ್ಮೇಳದವರು, ಊರು, ದಿನಾಂಕ ಎಲ್ಲವೂ ಇರಲಿ. ಅದರೊಡನೆ ಮರಾಠಿಯಲ್ಲಿ ನಾಲ್ಕು ಸಾಲಿನ ಅರ್ಥವೂ ಇರಲಿ. ಇದು ನಮ್ಮ ಊರಿಗೆ ಹೊಸದಲ್ಲ: 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೇರಿದ ಮೊದಲ ಮಹಿಳೆ, ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಕನ್ನಡ, ಮರಾಠಿ ಎರಡರಲ್ಲಿಯೂ ಬರೆದು ಶರಣರ ಮಾತನ್ನು ಮರಾಠಿ ಮನೆಗಳಿಗೆ ಮುಟ್ಟಿಸಿದವರು. ನಮ್ಮ ನೆರೆಯವರಿಗೂ, ಮರಾಠಿಯಲ್ಲಿ ಓದುವ ನಮ್ಮ ಮೊಮ್ಮಕ್ಕಳಿಗೂ ಆ ನಾಲ್ಕು ಸಾಲು ಬಾಗಿಲಾದೀತು. ಮುದ್ರಿಸಿದ ಪ್ರತಿಯೊಂದು ಸಂಘದ ಗ್ರಂಥಾಲಯದಲ್ಲಿರಲಿ. ಹಿರಿಯರ ಬಳಿ ಹರಿಯುತ್ತಿರುವ ಪದದ ವಹಿಗಳ ಫೋಟೋ ಪ್ರತಿಗಳೂ ಅಲ್ಲಿರಲಿ. ಕ್ಯಾಮರಾ, ಕಂಪ್ಯೂಟರಿನ ಕೆಲಸವನ್ನು ನಮ್ಮ ತರುಣರು ಹೊರಲಿ. ಸಂಭಾವನೆಯನ್ನು ಮೊದಲೇ ನಿಶ್ಚಯಿಸಿ ಹಾಡುವವರ ಕೈಗೆ ಕೊಡುವ ಠರಾವನ್ನು ಈ ವರ್ಷದ ಸಭೆಯಲ್ಲಿಯೇ ಪಾಸು ಮಾಡೋಣ.

ಇದಕ್ಕೆ ಬೇಕಾಗುವುದು ಒಂದು ಒಳ್ಳೆಯ ಮೈಕು, ಒಂದು ಮೊಬೈಲು, ವಾರಕ್ಕೆ ಎರಡು ಗಂಟೆಯ ಹೊತ್ತು. ಈ ಸಂಚಿಕೆಯಲ್ಲಿ ಜಾಹೀರಾತು ಕೊಟ್ಟ ದಾನಿಗಳಲ್ಲಿ ಇಬ್ಬರು ಮನಸ್ಸು ಮಾಡಿದರೆ ಖರ್ಚು ತೀರಿತು. ಹೊತ್ತನ್ನು ಮಾತ್ರ ನಾವೇ ಕೊಡಬೇಕು, ಅದೂ ಬೇಗ. ಪದಗಳನ್ನು ಬಲ್ಲ ಹಿರಿಯರು ನಮ್ಮ ಮುಂದಿನ ಠರಾವಿನವರೆಗೆ ಕಾಯುತ್ತ ಕೂಡಲಾರರು.